ಒಂದು ತಾಸಿನ ಹೈದರಾಬಾದು

ಬಳ್ಳಾರಿಯಿಂದ ಹೈದರಾಬಾದು ಎಷ್ಟು ದೂರ ಎಂಬ ಪ್ರಶ್ನೆಗೆ ಉಮಾಪತಿಯ ಮನೆಯಲ್ಲಿ ಯಾವತ್ತೂ ಒಂದೇ ಉತ್ತರ ಇದ್ದದ್ದಿಲ್ಲ. ರಸ್ತೆ ಬದಿಯ ಕಲ್ಲುಗಳನ್ನು ಕೇಳಿದರೆ ಮುನ್ನೂರೈವತ್ತು ಚಿಲ್ಲರೆ ಕಿಲೋಮೀಟರು ಎನ್ನುತ್ತಿದ್ದವು. ಹೆಂಡತಿ ಪಂಪಾವತಿಯನ್ನು ಕೇಳಿದರೆ "ಎರಡು ಸಲ ಊಟ, ಒಂದು ಸಲ ವಾಂತಿ" ಎನ್ನುತ್ತಿದ್ದಳು. ಹೈದರಾಬಾದಿನಲ್ಲಿ ಅಕ್ಕಿ ವ್ಯಾಪಾರ ಮಾಡುವ ತಂಗಿಯ ಗಂಡ ಕೊಟ್ರಬಸಪ್ಪನನ್ನು ಕೇಳಿದರೆ, "ನಮ್ಮ ಮಾವನೋರಿಗೆ ಎಷ್ಟು ದೂರ ಆದ್ರೂ ಅಷ್ಟ ಬಿಡ್ರಿ. ಎಲಿ ಎತ್ತೋ ಹೊತ್ತಿಗೆ ಬರ್ತಾರ" ಎಂದು ಹತ್ತು ಮಂದಿಯ ನಡುವೆ ಹೇಳಿ, ಹತ್ತು ಮಂದಿಗಿಂತ ಮೊದಲು ತಾನೇ ನಗುತ್ತಿದ್ದ.

ಈ ಮಾತು ಉಮಾಪತಿಯ ಎದೆಗೆ ನಾಟಿತ್ತು. ಸುಳ್ಳಾಗಿದ್ದರೆ ಅಷ್ಟು ನಾಟುತ್ತಿರಲಿಲ್ಲ. ತಂಗಿ ಅರುಣಾಳ ನಿಶ್ಚಿತಾರ್ಥಕ್ಕೆ ಹೊರಟ ಬಸ್ಸು ರಾಯಚೂರಿನ ಆಚೆ ಪಂಕ್ಚರಾಗಿತ್ತು. ಸೀಮಂತಕ್ಕೆ ಹೊರಟಾಗ ರೈಲಿನಲ್ಲಿ ಕಣ್ಣು ಹತ್ತಿ, ಇಳಿಯಬೇಕಾದ ಊರು ದಾಟಿ ಹೋಗಿತ್ತು (ಊರೇ ದಾಟಿ ಹೋಯಿತೆಂದು ಅವನು ಈಗಲೂ ಹೇಳುತ್ತಾನೆ, ತಾನು ದಾಟಿದೆನೆಂದಲ್ಲ). ತೊಟ್ಟಿಲ ಶಾಸ್ತ್ರಕ್ಕಂತೂ, ಕೂಸಿನ ಕಿವಿಯಲ್ಲಿ ಹಂಪೇಶ್ ಎಂದು ಹೆಸರು ಕೂಗಿ, ತೊಟ್ಟಿಲು ಬಿಚ್ಚಿ, ಬಾಡಿಗೆ ಕೊಟ್ಟವನು ಅದನ್ನು ಆಟೋದಲ್ಲಿ ಹೇರಿಕೊಂಡು ಹೋಗುವಾಗ ಇವನು ಕೈಯಲ್ಲಿ ಬೆಳ್ಳಿ ಗಿಲಕಿ ಹಿಡಿದು ಎದುರಾಗಿದ್ದ. ದಾರಿ ತಿಳಿಯದೆ ಮನೆ ಯಾವುದೆಂದು ಆ ತೊಟ್ಟಿಲಿನವನನ್ನೇ ಕೇಳಿದ್ದ.

ಈಗ ಆ ಹಂಪೇಶನ ಜವಳ ಬಂತು. ಮೊದಲ ಕೂದಲು ತೆಗೆಯುವಾಗ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಸೋದರಮಾವ. ಅಪ್ಪನಿಗೂ ಆ ಅಧಿಕಾರವಿಲ್ಲ, ಅಜ್ಜನಿಗೂ ಇಲ್ಲ. ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಹನ್ನೆರಡೂವರೆಯೊಳಗೆ ಮುಹೂರ್ತ.

"ನೋಡ್ರಿ ಮಾವನೋರ," ಕೊಟ್ರಬಸಪ್ಪ ಫೋನಿನಲ್ಲಿ ಅಂದ, "ಈ ಸಲ ನಿಮ್ಮ ದಾರಿ ಕಾಯೋದಿಲ್ಲ. ತಡ ಆತು ಅಂದ್ರ ನಮ್ಮ ಕಾಕಾನ ಮಗನ್ನ ಮಾವ ಅಂತ ಕುಂದರಸಿ ಮುಗಿಸಿಬಿಡ್ತೀವಿ. ಅವ ಬಾಜೂಕ ಮನ್ಯಾಗ ಅದಾನ, ನಡಕೊಂಡ ಬರ್ತಾನ."

ಆಮೇಲೆ ಅರುಣಾ ಫೋನು ತೆಗೆದುಕೊಂಡು, "ಯಣ್ಣಾ, ನನಗ ಇರೋನು ನೀ ಒಬ್ಬನ" ಎಂದಷ್ಟೇ ಹೇಳಿ ಮೂಗೊರೆಸಿಕೊಂಡಳು. ಉಮಾಪತಿ ಯೋಚಿಸಿದ. ಬಾಡಿಗೆ ತೊಟ್ಟಿಲು ತಂದವರು ಬಾಡಿಗೆ ಮಾವನನ್ನೂ ತರುತ್ತಾರೆಂದರೆ ತಾನು ಇದ್ದು ಏನು ಫಲ?

ಆ ಸಂಜೆಯೇ ಅವನು ತನ್ನ ಜೀವಮಾನದ ಮಹಾ ನಿರ್ಣಯವನ್ನು ಘೋಷಿಸಿದ. "ವಿಮಾನದಾಗ ಹೋಗೋಣ!"

ಉಮಾಪತಿಯದು ಜೀನ್ಸ್ ಪ್ಯಾಂಟಿಗೆ ಬೇಕಾದ ಜಿಪ್ಪು, ಗುಂಡಿ ಮಾರುವ ಅಂಗಡಿ. ಜೀನ್ಸ್ ಹೊಲಿಯುವ ಊರಲ್ಲಿ ಅದಕ್ಕೆ ಗಿರಾಕಿಗಳ ಕೊರತೆಯಿಲ್ಲ. ಮುಂದಿನ ವಾರವೆಲ್ಲ ಜಿಪ್ಪು ಕೇಳಲು ಬಂದವರಿಗೆ ಅವನು ಜಿಪ್ಪಿಗಿಂತ ಮೊದಲು ಮೊಬೈಲು ತೋರಿಸಿದ. "ಇಲ್ಲಿ ನೋಡ್ರಿ. ಬಳ್ಳಾರಿಯಿಂದ ಹೈದರಾಬಾದು. ಹಾರಾಟದ ಅವಧಿ ಒಂದು ತಾಸು ಐದು ನಿಮಿಷ. ಐದು ನಿಮಿಷ ಬಿಡ್ರಿ, ಅದು ಇಳಿಯಾಕ. ಒಂದೇ ತಾಸು! ಇಲ್ಲಿಂದ ಸಿರುಗುಪ್ಪಕ್ಕ ಬಸ್ಸಿನಾಗ ಹೋಗೋದರಾಗ ನಾವು ಹೈದರಾಬಾದಿನಾಗ ಚಾ ಕುಡೀತಿರ್ತೀವಿ." ಮುಖ ಹುಳ್ಳಗೆ ಮಾಡಿಕೊಂಡ ಗಿರಾಕಿಗಳಿಗೂ ಇದನ್ನು ಎರಡೆರಡು ಸಲ ಹೇಳಿದ. ಅವಸರವಿದ್ದ ಒಬ್ಬ ದರ್ಜಿ ಜಿಪ್ಪು ಬಿಟ್ಟೇ ಓಡಿಹೋದ.

ಆದರೆ ಮನೆಯಲ್ಲಿ ಪಂಪಾವತಿ ಮೊಬೈಲು ನೋಡಲಿಲ್ಲ, ಪಂಚಾಂಗ ನೋಡಿದಳು.

"ಶುಕ್ರವಾರ ಹೊರಡೋದು ಆಗೋದಿಲ್ರಿ."

"ಯಾಕ? ಟಿಕೀಟು ಆಗೇತಿ."

"ಶುಕ್ರವಾರ ಪಡುವಣಕ್ಕ ಶೂಲ. ಆ ದಿಕ್ಕಿಗೆ ಕಾಲಿಡಬಾರದು."

ಉಮಾಪತಿ ವಿಜಯದ ನಗೆ ನಕ್ಕ. "ಲೇ ಪಂಪಾ, ಹೈದರಾಬಾದು ಪಡುವಣಕ್ಕಿಲ್ಲ, ಈಶಾನ್ಯಕ್ಕೈತಿ. ವಿಮಾನ ಹೋಗೋದು ಈಶಾನ್ಯಕ್ಕ."

"ವಿಮಾನ ಎತ್ತಗಾರ ಹೋಗ್ಲಿ. ನಿಮ್ಮ ಕಾಲು ಮೊದಲು ಎತ್ತಗ ಹೋಗೋದು? ವಿಮಾನ ಹತ್ತಾಕ ತೋರಣಗಲ್ಲಿನ ಕಡಿಗೆ ಹೋಗಬೇಕಲ್ಲ? ತೋರಣಗಲ್ಲು ಪಡುವಣ."

ಉಮಾಪತಿ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಈಶಾನ್ಯಕ್ಕೆ ಹೋಗಲು ಪಶ್ಚಿಮಕ್ಕೆ ಹೊರಡಬೇಕಾದ ಈ ವಿಚಿತ್ರ ಅವನ ಮೊಬೈಲಿಗೂ ಹೊಳೆದಿರಲಿಲ್ಲ.

ಪರಿಹಾರವನ್ನೂ ಪಂಪಾವತಿಯೇ ಹೇಳಿದಳು: ಪ್ರಸ್ಥಾನ ಇಡುವುದು. ಹೊರಡುವ ದಿನ ಕೆಟ್ಟದಾಗಿದ್ದರೆ, ಹಿಂದಿನ ಒಳ್ಳೆಯ ದಿನವೇ ಪಯಣಿಗನ ಬಟ್ಟೆಬರೆಯನ್ನು ಒಂದು ಚೀಲದಲ್ಲಿ ಕಟ್ಟಿ, ಹೋಗುವ ದಾರಿಯ ಬೇರೊಂದು ಮನೆಯಲ್ಲಿ ಇಟ್ಟು ಬರಬೇಕು. ಚೀಲ ಹೊಸ್ತಿಲು ದಾಟಿತೆಂದರೆ ಮನುಷ್ಯನೇ ಹೊರಟಂತೆ ಲೆಕ್ಕ. ಮರುದಿನ ಹೋಗುವಾಗ ಅದನ್ನು ಎತ್ತಿಕೊಂಡರಾಯಿತು, ಶೂಲ ಯಾರನ್ನು ಚುಚ್ಚಬೇಕೆಂದು ತಿಳಿಯದೆ ಸುಮ್ಮನಿರುತ್ತದೆ. ಅಜ್ಜಿಯ ಕಾಲದಿಂದ ಬಂದ ಏರ್ಪಾಡು, ಒಬ್ಬ ಮಂತ್ರಿಯೂ ಇದನ್ನು ರದ್ದು ಮಾಡಿಲ್ಲ.

"ಗುರುವಾರ ಕುರುಗೋಡಾಗ ಗಂಗಕ್ಕನ ಮನ್ಯಾಗ ಇಟ್ಟು ಬರ್ತೀನಿ" ಎಂದಳು. ಗಂಗಕ್ಕ ಅವಳ ಒಡಹುಟ್ಟಿದ ಅಕ್ಕ.

"ಕುರುಗೋಡು ಪಡುವಣ ಎಲ್ಲೈತಿ? ಅದು ವಾಯವ್ಯ!"

"ವಾಯವ್ಯ ಅಂದ್ರ ಅರ್ಧ ಪಡುವಣ, ಅದು ತೋರಣಗಲ್ಲಿನ ಪಾಲು. ಇನ್ನರ್ಧ ಬಡಗಣ, ಅದು ಹೈದರಾಬಾದಿನ ಪಾಲು. ಇಬ್ಬರಿಗೂ ಬ್ಯಾಸರ ಆಗೋದಿಲ್ಲ."

ಇಂಥ ಭೂಗೋಳದ ಎದುರು ಯಾವ ಗಂಡ ನಿಂತಾನು? ಉಮಾಪತಿ ಹಳೆಯ ಬನಿಯನ್ನೊಂದನ್ನು ಕೊಟ್ಟು ಕೈ ತೊಳೆದುಕೊಳ್ಳಲು ನೋಡಿದ. ಅವಳು ಬನಿಯನ್ನನ್ನು ಎರಡು ಬೆರಳಲ್ಲಿ ಎತ್ತಿ ಮೂಲೆಗೆ ಹಾಕಿದಳು. ಅಂಗಡಿಯಲ್ಲಿ ಉಳಿದ ಜೀನ್ಸ್ ತುಂಡುಗಳಿಂದ ಹೊಲಿಸಿದ, ಎಂಟು ಜಿಪ್ಪುಗಳ ದೊಡ್ಡ ಚೀಲ ತೆಗೆದು, ಅದರಲ್ಲಿ ಗಂಡನ ರೇಷ್ಮೆ ಶಲ್ಯ, ರುಮಾಲು, ಮಾವನಾಗಿ ಕೊಡಬೇಕಾದ ಬೆಳ್ಳಿ ಬಟ್ಟಲು, ಹುಡುಗನ ಹೊಸ ಅಂಗಿ, ಅರುಣಾಳ ಸೀರೆ, ಹಿಡಿ ಅಕ್ಕಿ, ಅರಿಶಿನದ ಕೊಂಬು ಎಲ್ಲವನ್ನೂ ತುಂಬಿದಳು. ತುಂಬಿದ ಮೇಲೆ ಚೀಲ ಗುಂಡಗೆ, ಗಿಡ್ಡಗೆ, ಹೊಟ್ಟೆ ಮುಂದೆ ಮಾಡಿಕೊಂಡು ಕೂತಿತು. ಉಮಾಪತಿಗೆ ಅದನ್ನು ಎಲ್ಲೋ ನೋಡಿದ ಹಾಗನಿಸಿತು, ಕನ್ನಡಿ ಅಲ್ಲಿಂದ ದೂರವಿತ್ತು.

ಗುರುವಾರ ಮಧ್ಯಾಹ್ನ ಅವಳು ಬಸ್ಸಿನಲ್ಲಿ ಹೋಗಿ ಚೀಲ ಇಟ್ಟು ಬಂದಳು. ಸಂಜೆ ಉಮಾಪತಿ ಅಂಗಡಿ ಮುಚ್ಚಿ ಮನೆಗೆ ಬಂದರೆ ಬಾಗಿಲಲ್ಲೇ ತಡೆದಳು.

"ಒಳಗ ಎಲ್ಲಿ ಬರ್ತೀರಿ? ನೀವು ಹೊರಟೀರಿ."

"ಎಲ್ಲಿ ಹೊರಟೀನಿ? ಈಗ ಬಂದೀನಿ!"

"ಪ್ರಸ್ಥಾನ ಇಟ್ಟ ಮ್ಯಾಲ ಹೊರಟಂಗ. ಹೊರಟವರು ಹೊಳ್ಳಿ ಹೊಸ್ತಲಾ ದಾಟಬಾರದು."

ಹೀಗೆ ತನ್ನದೇ ಮನೆಯ ಜಗುಲಿಯಲ್ಲಿ ಅತಿಥಿಯಂತೆ ಕೂತು ರೊಟ್ಟಿ ತಿಂದು, ಅಲ್ಲೇ ಚಾಪೆ ಹಾಸಿಕೊಂಡು, ಸೊಳ್ಳೆಗಳೊಂದಿಗೆ ತನ್ನ ವಿಮಾನಯಾನದ ಮೊದಲ ಹಂತವನ್ನು ಅವನು ಮುಗಿಸಿದ. ಎದುರು ಮನೆಯವರು "ಇನ್ನೂ ಹೋಗಿಲ್ಲೇನ್ರಿ?" ಎಂದು ಕೇಳಿದಾಗ, "ಹೊರಟೀನಿ" ಎಂದು ಮಲಗಿಕೊಂಡೇ ಹೇಳಿದ.

ಬೆಳಗ್ಗೆ ಬೇಗ ಓಣಿಯ ಮುಜಾಫರ್ ಕಾರು ತಂದ. ಒಂಬತ್ತಕ್ಕೆ ವಿಮಾನ. ಕುರುಗೋಡಿಗೆ ಹೋಗಿ, ಚೀಲ ಎತ್ತಿ, ಅಲ್ಲಿಂದ ಅಡ್ಡದಾರಿಯಲ್ಲಿ ತೋರಣಗಲ್ಲಿನ ರಸ್ತೆ ಹಿಡಿಯುವುದೆಂದು ತೀರ್ಮಾನವಾಗಿತ್ತು. "ಸಾಹೇಬ್ರ, ಸೀದಾ ಹೋಗಿದ್ರ ಇಷ್ಟೊತ್ತಿಗೆ ವಿಮಾನದ ಬಾಗಲದಾಗ ಇರ್ತಿದ್ವಿ" ಎಂದು ಮುಜಾಫರ್ ಗೊಣಗಿದ. ಅವನು ಗಂಡನಿಗೆ ಹೇಳಿದ್ದು, ಹಿಂದಿನ ಸೀಟಿನಲ್ಲಿದ್ದ ಹೆಂಡತಿಗೆ ಕೇಳಿಸಿತು. ಹಿಂದಿನ ಸೀಟು ಒಂದು ಸಲ ಕೆಮ್ಮಿತು. ಮುಜಾಫರ್ ಕುರುಗೋಡಿನ ಕಡೆ ಸ್ಟೇರಿಂಗ್ ತಿರುಗಿಸಿದ.

ಗಂಗಕ್ಕ ಬಾಗಿಲಲ್ಲೇ ಚಾ ಹಿಡಿದು ನಿಂತಿದ್ದಳು.

"ಚಾ ಬ್ಯಾಡಕ್ಕಾ, ಚೀಲ ಕೊಡು."

"ಚೀಲಾ? ಅದು ನಿನ್ನೆನ ಹೋತಲ್ಲವಾ."

"ಎಲ್ಲಿಗೆ ಹೋತು?" ಗಂಡ ಹೆಂಡತಿ ಒಂದೇ ದನಿಯಲ್ಲಿ ಕಿರುಚಿದರು. ಮದುವೆಯಾದ ಮೇಲೆ ಅವರು ಒಂದೇ ಮಾತನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು.

"ಸಿರುಗುಪ್ಪಕ್ಕ. ಸಂಜಿ ಮುಂದ ತಮ್ಮ ಮೈಲಾರಪ್ಪ ಬಂದಿದ್ದ, ಅವನ ಕೈಲೆ ಕಳಿಸಿದೆ. ಹೈದರಾಬಾದಿಗೆ ಹೋಗೋ ಚೀಲ ಕುರುಗೋಡಾಗ ಕುಂತು ಏನು ಮಾಡ್ತೈತಿ? ಹೈದರಾಬಾದಿನ ದಾರಿ ಸಿರುಗುಪ್ಪದ್ದು. ನಾವು ಎಷ್ಟು ಸಲ ಬಸ್ಸಿನಾಗ ಹೋಗಿಲ್ಲ? ನೀ ಗಡಿಬಿಡಿಯಾಗ ತಪ್ಪು ಊರಾಗ ಇಟ್ಟಿ ಅಂದ್ಕೊಂಡೆ. ನಾನು ಸರಿ ಮಾಡಿದೆ."

"ಅಕ್ಕಾ, ನಾವು ವಿಮಾನದಾಗ ಹೊಂಟೀವಿ!"

"ಅದು ನಿಮಗಾತು. ಚೀಲಕ್ಕ ಟಿಕೀಟು ತಗಿಸೀರೇನು?"

ಉಮಾಪತಿ ಅಂಗಳದ ಕಟ್ಟೆಯ ಮೇಲೆ ಕೂತ. ಪಂಪಾವತಿಯದು ಒಂದೇ ಹಟ: ಪ್ರಸ್ಥಾನ ಬಿಟ್ಟು ಹೋಗುವ ಹಾಗಿಲ್ಲ, ಬಿಟ್ಟು ಹೋದರೆ ಅರ್ಧ ಮನುಷ್ಯ ಹೋದಂತೆ. ಸಿರುಗುಪ್ಪಕ್ಕೆ ಹೋಗಿ ಬಂದರೆ ವಿಮಾನ ಹೋದಂತೆ. ಅವನು ಮೈಲಾರಪ್ಪನಿಗೆ ಫೋನು ಹಚ್ಚಿದ. ಮೈಲಾರಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಮುನೀಮ. ಯಾವ ಸಾಮಾನೂ ಗಿರಣಿಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ನಿಲ್ಲಬಾರದೆಂಬುದು ಅವನ ಜೀವನದ ತತ್ವ.

"ಯೋಚನಿ ಮಾಡಬ್ಯಾಡ್ರಿ ಮಾವ. ನೀವು ರಾತ್ರಿನ ಹೋದ್ರಿ."

"ನಾ ಎಲ್ಲಿ ಹೋದ್ನೋ? ಕುರುಗೋಡಾಗ ಕುಂತೀನಿ!"

"ಅಲ್ರಿ, ನಿಮ್ಮ ಚೀಲ. ಜವಳದ ಊಟಕ್ಕ ಸೋನಾ ಮಸೂರಿ ಕಳಸು ಅಂದಿದ್ರಲ್ಲ ಕೊಟ್ರಬಸಪ್ಪನೋರು? ಅದ ಲಾರ್ಯಾಗ ಕಳಿಸೀನಿ. ಹಿಂದ ಮೂಟಿ ಸಂಗಡ ಒಗದಿಲ್ರಿ ಮತ್ತ. ಪ್ರಸ್ಥಾನ ಅಂತ ಹೇಳಿ ಡ್ರೈವರ್ ಬಾಜೂಕ ಕುಂದರಸೀನಿ. ಕಿಡಕಿ ಕಡಿ ಸೀಟು."

ಉಮಾಪತಿಗೆ ವಿಮಾನದಲ್ಲಿ ಸಿಕ್ಕಿದ್ದು ನಡುವಿನ ಸೀಟು.

ಫೋನಿನ ಮಾತು ಕೇಳಿದ್ದೇ ಪಂಪಾವತಿ ಕೈ ಮುಗಿದಳು. ಮುಖ ಅರಳಿತು. "ಅಲ್ಲಿಗೆ ಎಲ್ಲಾ ಒಳ್ಳೇದಾತು. ಮುಂದ ಹೋಗಿದ್ದನ್ನ ಹಿಂದ ತರಬಾರದು. ನಡೀರಿ, ನೀವು ಹೋಗಿ ಮುಟ್ಟಿದಂಗ, ಇನ್ನ ವಿಮಾನದಾಗ ಹೋದ್ರೂ ಅಷ್ಟ, ಬಿಟ್ರೂ ಅಷ್ಟ."

"ಬಿಟ್ರೂ ಅಷ್ಟಾ? ಟಿಕೀಟಿಗೆ ಎಷ್ಟು ಕೊಟ್ಟೀನಿ ಗೊತ್ತೇನಲೇ?" ಎಂದು ಉಮಾಪತಿ ಕಾರಿಗೆ ಓಡಿದ.

ಮುಜಾಫರ್ ಕಾರನ್ನು ಹೇಗೆ ಓಡಿಸಿದನೆಂದರೆ, ದಾರಿಯುದ್ದಕ್ಕೂ ಪಂಪಾವತಿ ಯಾವ ದಿಕ್ಕು ಎಂದು ನೋಡುವ ಗೋಜಿಗೆ ಹೋಗದೆ ಕಣ್ಣು ಮುಚ್ಚಿಕೊಂಡಿದ್ದಳು. ಕೊನೆಯ ಗಳಿಗೆಯಲ್ಲಿ ಒಳಗೆ ಹೋದರು. ತಪಾಸಣೆಯಲ್ಲಿ ಉಮಾಪತಿ ಮೂರು ಸಲ ಟಣ್ ಟಣ್ ಎಂದು ಕೂಗಿಕೊಂಡ, ಅಂದರೆ ಯಂತ್ರ ಕೂಗಿತು. ಅವನ ಎಲ್ಲ ಜೇಬುಗಳಲ್ಲಿ ಮಾದರಿ ಗುಂಡಿಗಳಿದ್ದವು. ಅವನ್ನೆಲ್ಲ ತೆಗೆದು ತಟ್ಟೆಯಲ್ಲಿ ಸುರಿದು, ಬೆವರೊರೆಸಿಕೊಂಡು ಕುರ್ಚಿಯಲ್ಲಿ ಕೂತು, "ಇನ್ನೇನು, ಒಂದೇ ತಾಸು" ಎಂದ.

ಆಗ ಮೈಕಿನಲ್ಲಿ ಮಂಜು ಕವಿದಿದೆ ಎಂದರು.

ಮಂಜು! ಬಳ್ಳಾರಿ ಸೀಮೆಯಲ್ಲಿ! ವರ್ಷದ ಹನ್ನೊಂದು ತಿಂಗಳು ಹಪ್ಪಳ ಒಣಗಿಸಲು ಹೇಳಿ ಮಾಡಿಸಿದ ಈ ನೆಲದಲ್ಲಿ, ಉಮಾಪತಿ ವಿಮಾನ ಹತ್ತುವ ದಿನ ನೋಡಿಕೊಂಡು ಮಂಜು ಬಂದಿತ್ತು. ಗಾಜಿನಾಚೆ ವಿಮಾನ ಇದೆಯೋ ಇಲ್ಲವೋ ಕಾಣಿಸುತ್ತಿರಲಿಲ್ಲ.

"ನಾ ಹೇಳಲಿಲ್ಲೇನು ಶೂಲ ಅಂತ?" ಎಂದಳು ಪಂಪಾವತಿ.

"ಪ್ರಸ್ಥಾನ ಇಟ್ಟು ಬಂದಿಯಲ್ಲಲೇ!"

"ಇಟ್ಟಿದ್ದಕ್ಕ ಚೀಲಕ್ಕ ಏನೂ ಆಗಿಲ್ಲ ನೋಡ್ರಿ."

ಕೊಟ್ರಬಸಪ್ಪನ ಫೋನು ಬಂತು. "ಎಲ್ಲಿದ್ದೀರಿ ಮಾವನೋರ?"

"ಇನ್ನೇನು ಒಂದೇ ತಾಸು" ಎಂದ ಉಮಾಪತಿ. ಒಂಬತ್ತೂವರೆಗೂ ಒಂದೇ ತಾಸು ಎಂದ. ಹತ್ತೂವರೆಗೂ ಒಂದೇ ತಾಸು ಎಂದ. ಹನ್ನೊಂದಕ್ಕೆ ಕೊಟ್ರಬಸಪ್ಪ, "ನಿಮ್ಮ ತಾಸಿಗೆ ಎಷ್ಟು ತಾಸ್ರೀ?" ಎಂದು ಕೇಳಿ, "ಕಾಕಾನ ಮಗ ಜಳಕಾ ಮಾಡಾಕತ್ಯಾನ" ಎಂದು ಸೇರಿಸಿ ಫೋನಿಟ್ಟ. ಉಮಾಪತಿಗೆ ಅಳು ಬಂತು. ನಿಜವಾದ ಅಳು. ಈ ಸಲ ಅವನು ನಿದ್ದೆ ಮಾಡಿರಲಿಲ್ಲ, ದಾರಿ ತಪ್ಪಿರಲಿಲ್ಲ, ಯಾವ ತಪ್ಪೂ ಮಾಡಿರಲಿಲ್ಲ. ಪಂಪಾವತಿ ಶೂಲದ ಮಾತು ಬಿಟ್ಟು ಸೆರಗಿನಿಂದ ಅವನ ಮುಖ ಒರೆಸಿದಳು. "ಅಳಬ್ಯಾಡ್ರಿ. ನೀವು ಅಲ್ಲೇ ಅದೀರಿ ಅಂದ್ಕೋರಿ" ಎಂದಳು. ಆ ಸಮಾಧಾನದ ತಲೆಬುಡ ಅವನಿಗೆ ತಿಳಿಯಲಿಲ್ಲ.

ಹನ್ನೊಂದೂವರೆಗೆ ವಿಮಾನ ಎದ್ದಿತು. ಕಿಟಕಿಯ ಸೀಟಿನಲ್ಲಿದ್ದ ಪಂಪಾವತಿ ಕೆಳಗೆ ಹಸಿರು ಗದ್ದೆ, ಕಾಲುವೆ, ನದಿ ಕಂಡೊಡನೆ, "ಸಿರುಗುಪ್ಪ ಸೀಮಿ ಇದ ಇರಬೇಕು! ನಮ್ಮ ಚೀಲ ಇದ ದಾರಿಲೆ ಹೋತ್ರಿ!" ಎಂದು ಕೈ ಬೀಸಿದಳು. ಉಮಾಪತಿ ಗಡಿಯಾರ ಬಿಟ್ಟು ಏನನ್ನೂ ನೋಡಲಿಲ್ಲ. ಮುಹೂರ್ತ ಮುಗಿಯುವ ಹೊತ್ತಿಗೆ ಅವನು ಹೈದರಾಬಾದಿನಲ್ಲೇ ಇದ್ದ. ಆದರೆ ಹೈದರಾಬಾದು ಕೆಳಗಿತ್ತು, ಅವನು ಮೇಲಿದ್ದ.

ಇಳಿದ ಮೇಲೆ ಟ್ಯಾಕ್ಸಿ. ಟ್ಯಾಕ್ಸಿಯ ಮುಂದೆ ಹೈದರಾಬಾದಿನ ಸಮಸ್ತ ವಾಹನಗಳು. ವಿಮಾನ ಹಾರಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು ಮನೆ ಮುಟ್ಟಲು. ಬಾಗಿಲಿಗೆ ಬರುವಾಗ ಉಮಾಪತಿ ಬಾಯಲ್ಲಿ ಕ್ಷಮೆಯ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದ. ಹೆಗಲಿಗೆ ಶಲ್ಯವಿಲ್ಲ, ತಲೆಗೆ ರುಮಾಲಿಲ್ಲ, ಕೈಯಲ್ಲಿ ಏನೂ ಇಲ್ಲ.

ಅರುಣಾ ಓಡಿ ಬಂದು ಅವನ ಎರಡೂ ಕೈ ಹಿಡಿದಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ಯಣ್ಣಾ! ಮೊದಲನೇ ಸಲ ನೀ ಟೈಮಿಗೆ ಬಂದಿ!"

"ಅರುಣಾ, ತಪ್ಪಾತವಾ, ಮಂಜು ಬಿದ್ದು..."

"ತಪ್ಪೇನೈತಿ? ನೀ ಮುಂಜಾನೇನ ಬಂದಿ. ಅಕ್ಕಿ ಲಾರಿಗೆ."

ಒಳಗೆ ಹೋಗಿ ನೋಡಿದರೆ, ನಡುಮನೆಯಲ್ಲಿ ಮಣೆಯ ಮೇಲೆ, ಸುತ್ತ ರಂಗೋಲಿಯ ನಡುವೆ, ಜೀನ್ಸ್ ಚೀಲ ವಿರಾಜಮಾನವಾಗಿತ್ತು! ಅದಕ್ಕೆ ರೇಷ್ಮೆ ಶಲ್ಯ ಹೊದಿಸಿದ್ದರು. ತುದಿಗೆ ರುಮಾಲು ಸುತ್ತಿದ್ದರು. ಮೇಲಿನ ಜಿಪ್ಪಿಗೆ ಕುಂಕುಮ, ಅಕ್ಷತೆ. ಗುಂಡು ತಲೆಯ ಹಂಪೇಶ ಅದರ ಹೊಟ್ಟೆಗೆ ಒರಗಿ, ಒಂದು ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ, ಪರಮಾನಂದದಲ್ಲಿದ್ದ.

ಆದದ್ದಿಷ್ಟು. ಹನ್ನೆರಡು ದಾಟಿದಾಗ ಕೊಟ್ರಬಸಪ್ಪ ಕಾಕಾನ ಮಗನನ್ನು ಕರೆತಂದ. ಅರುಣಾ ಅಡ್ಡ ನಿಂತಳು. "ನಮ್ಮಣ್ಣನ ಪ್ರಸ್ಥಾನ ಬಂದೈತಿ. ಅದು ಬಂತಂದ್ರ ನಮ್ಮಣ್ಣ ಬಂದಂಗ. ಅಣ್ಣ ಇರುವಾಗ ಬ್ಯಾರೆ ಮಾವ ಯಾಕ?" ಎಂದು ಹಟ ಹಿಡಿದಳು. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಗಡ್ಡ ಕೆರೆದು, ಪಂಚಾಂಗ ಮಡಚಿ, "ಶಾಸ್ತ್ರಕ್ಕ ಅಡ್ಡಿಯಿಲ್ಲ, ಕೂರಿಸಿರಿ" ಎಂದರು. ಬೆಳ್ಳಿ ಬಟ್ಟಲು, ಹುಡುಗನ ಅಂಗಿ, ತಂಗಿಗೆ ಸೀರೆ, ಮಾವನಿಂದ ಬರಬೇಕಾದದ್ದೆಲ್ಲ ಚೀಲದಲ್ಲೇ ಇತ್ತು. ಮಾವನೊಬ್ಬನೇ ಇರಲಿಲ್ಲ, ಅದನ್ನು ಯಾರೂ ಗಮನಿಸಲಿಲ್ಲ.

ಕೊಟ್ರಬಸಪ್ಪ ಉಮಾಪತಿಯ ಹೆಗಲ ಮೇಲೆ ಕೈ ಹಾಕಿದ. ಇಷ್ಟು ವರ್ಷದಲ್ಲಿ ಅವನ ದನಿಯಲ್ಲಿ ಗೌರವ ಕೇಳಿದ್ದು ಅದೇ ಮೊದಲು.

"ಏನ್ರಿ ಮಾವನೋರ, ಭಾರಿ ಚೊಲೋ ಮಾಡಿದ್ರಿ! ಹೊತ್ತಿಗೆ ಮುಂಚೆ ಬಂದ್ರಿ, ಚಾ ಸರಿ ಇಲ್ಲ ಅನ್ನಲಿಲ್ಲ, ಫ್ಯಾನ್ ಹಚ್ಚು ಅನ್ನಲಿಲ್ಲ, ಹುಡುಗ ಅಳಲಿಲ್ಲ. ಕಿವಿ ಚುಚ್ಚಿಸೋದು ಬರೋ ವರ್ಷ ಐತಿ. ನೀವು ತ್ರಾಸು ತಗೋಬ್ಯಾಡ್ರಿ, ಹಿಂಗ ಚೀಲ ಕಳಿಸಿಬಿಡ್ರಿ."

"ಆದ್ರ ನಾನು," ಉಮಾಪತಿ ಮೊಬೈಲು ತೆಗೆದ, "ಹಾರಾಟದ ಅವಧಿ ನೋಡ್ರಿ, ಒಂದು ತಾಸು ಐದು ನಿಮಿಷ, ಒಂದು ನಿಮಿಷ ಹೆಚ್ಚುಕಡಿಮಿ ಇಲ್ಲ..." ಕೊಟ್ರಬಸಪ್ಪ ಆಗಲೇ ಊಟಕ್ಕೆ ಹೋಗಿದ್ದ. ಮೊದಲ ಪಂಕ್ತಿಯಲ್ಲಿ ಮಾವನ ಎಲೆ ಹಾಕಿ, ಹೋಳಿಗೆ ಬಡಿಸಿ, ಚೀಲದ ಹೆಸರಲ್ಲಿ ಮುಗಿಸಿದ್ದರು. ಉಮಾಪತಿಗೆ ಮೂರನೆಯ ಪಂಕ್ತಿಯಲ್ಲಿ ಜಾಗವಾಯಿತು. ಬಡಿಸುವವನು ಅವನನ್ನು ನೋಡಿ, "ನೀವು ಲಾರಿ ಡ್ರೈವರೇನ್ರಿ?" ಎಂದು ಕೇಳಿ ಪ್ರೀತಿಯಿಂದ ಎರಡು ಸೌಟು ಅನ್ನ ಹೆಚ್ಚಿಗೆ ಹಾಕಿದ.

ಊಟದ ಮೇಲೆ ಮನೆಯವರ ಫೋಟೋ. ಹಂಪೇಶ, ಅಪ್ಪ, ಅಮ್ಮ ನಿಂತರು. ಪಂಪಾವತಿ ಚೀಲದ ಬಲಗಡೆ ಹೆಮ್ಮೆಯಿಂದ ನಿಂತು ಶಲ್ಯ ಸರಿಪಡಿಸಿದಳು, ಹೆಂಡತಿ ಗಂಡನದನ್ನು ಸರಿಪಡಿಸುವ ಹಾಗೆಯೇ. ಇದಾದರೂ ಇರಲೆಂದು ಉಮಾಪತಿ ಕೂದಲು ಬಾಚಿಕೊಂಡು, ಎಲ್ಲರ ಮುಂದೆ ಬಂದು, ನಗು ತಂದುಕೊಂಡು ನಿಂತ.

ಕ್ಯಾಮೆರಾದ ಹಿಂದಿನಿಂದ ಫೋಟೋದವನು ತೆಲುಗಿನಲ್ಲಿ ಕೂಗಿದ: "ಸಾರ್, ಮೀರು ಕೊಂಚೆಂ ಪಕ್ಕಕಿ ಜರಗಂಡಿ. ಮೇನಮಾಮ ಕನಪಡಟಂ ಲೇದು!"

ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಸೋದರಮಾವನೇ ಕಾಣುತ್ತಿಲ್ಲ ಎಂದು. ಬಳ್ಳಾರಿಯವನಿಗೆ ಅಷ್ಟು ತೆಲುಗು ಬಾರದೆ ಇರುತ್ತದೆಯೇ? ಉಮಾಪತಿ ಸರಿದು ನಿಂತ.